ಡಿಸ್ಕ್ರಿಮಿನೇಟ್: ಒಂದು ಇಂಗ್ಲಿಷ್ ಕ್ರಿಯಾಪದದ ಎರಡು ದಾರಿಗಳು

ಡಿಸ್ಕ್ರಿಮಿನೇಟ್: ಒಂದನ್ನು ಇನ್ನೊಂದರಿಂದ ಬೇರೆಯೆಂದು ಗುರುತಿಸು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದ. ಕಂಡ ವ್ಯತ್ಯಾಸವನ್ನೇ ನೆಪ ಮಾಡಿಕೊಂಡು ಒಬ್ಬರನ್ನು ಕೀಳಾಗಿ ನಡೆಸಿಕೊಳ್ಳು ಎಂಬುದು ಅದರ ಎರಡನೆಯ ಅರ್ಥ. ಇದು 18 ಮತ್ತು 19ನೆಯ ಶತಮಾನಗಳಲ್ಲಿ ಬಲಿತು, ಇಂದಿನ ದಿನಬಳಕೆಯಲ್ಲಿ ಮೂಲಾರ್ಥವನ್ನು ಬಹುಮಟ್ಟಿಗೆ ಹಿಂದಕ್ಕೆ ತಳ್ಳಿದೆ. ಪ್ರಯೋಗಶಾಲೆ ಮತ್ತು ಗಣಿತದ ಬರವಣಿಗೆಯಲ್ಲಿ ಮೊದಲ ಅರ್ಥ ಇನ್ನೂ ಗಟ್ಟಿಯಾಗಿದೆ. ನ್ಯಾಯಾಲಯ, ವಿಧಾನಸಭೆ, ಪತ್ರಿಕೆಗಳಲ್ಲಿ ಎರಡನೆಯದೇ ಕೇಳಿಸುತ್ತದೆ. ಇವು ಎರಡು ಬೇರೆ ಪದಗಳೇನೋ ಎಂಬಷ್ಟು ದೂರ ಸರಿದಿವೆ. ಆದರೆ ವ್ಯತ್ಯಾಸವನ್ನು ಕಾಣುವುದರಲ್ಲಿ ಅನ್ಯಾಯವಿಲ್ಲ. ಕಂಡ ವ್ಯತ್ಯಾಸಕ್ಕೂ ಅದರ ಮೇಲೆ ಹೊರಿಸಿದ ಫಲಕ್ಕೂ ಸಂಬಂಧವಿಲ್ಲದಾಗ ಅನ್ಯಾಯ ಹುಟ್ಟುತ್ತದೆ. ಈ ಸಂಬಂಧ ಇದೆಯೋ ಇಲ್ಲವೋ ಎಂಬ ಜಗಳವೇ ಈ ಕ್ರಿಯಾಪದದ ಚರಿತ್ರೆ ಎನ್ನಬಹುದು.

ಪದದ ಬೇರು

ಲ್ಯಾಟಿನ್ನಿನ ಕೆರ್ನೆರೆ ಎಂಬ ಧಾತುವಿಗೆ ಜರಡಿ ಹಿಡಿ, ಸೋಸಿ ಬೇರೆಮಾಡು ಎಂದು ಅರ್ಥ. ಅದಕ್ಕೆ ಅಗಲಿಕೆಯನ್ನು ಸೂಚಿಸುವ ಡಿಸ್ ಎಂಬ ಉಪಸರ್ಗ ಸೇರಿ ಡಿಸ್ಕೆರ್ನೆರೆ ಆಯಿತು. ಇಂಗ್ಲಿಷಿನ ಡಿಸರ್ನ್ ನೇರವಾಗಿ ಅದರ ಸಂತಾನ. ಅದೇ ಧಾತುವಿನಿಂದ ಹುಟ್ಟಿದ ನಾಮಪದ ಡಿಸ್ಕ್ರಿಮೆನ್, ನಮ್ಮ ಕ್ರಿಯಾಪದದ ತಾಯಿ. ಎರಡರ ನಡುವಿನ ಗೆರೆ, ಅಂತರ, ನಿರ್ಣಯದ ಗಳಿಗೆ, ಅಪಾಯದ ಅಂಚು, ಇಷ್ಟೂ ಅದರ ಅರ್ಥಗಳು. ರೋಮನ್ ಕವಿಗಳು ಹೆಂಗಸರ ಬೈತಲೆಗೂ ಇದೇ ಪದ ಬಳಸಿದರು. ಕೂದಲನ್ನು ಎರಡು ಪಾಲು ಮಾಡುವ ಗೆರೆ ತಾನೆ ಅದು. ವರ್ಜಿಲನ ಈನಿಯಡ್ ಕಾವ್ಯದ ಮೊದಲ ಸರ್ಗದಲ್ಲಿ ಕಾರ್ಥೇಜಿನ ರಾಣಿ ಡೈಡೊ, ದಡಕ್ಕೆ ಬಂದು ಬಿದ್ದ ಟ್ರಾಯ್ ನಿರಾಶ್ರಿತರಿಗೂ ತನ್ನ ಪ್ರಜೆಗಳಿಗೂ ಭೇದವೆಣಿಸುವುದಿಲ್ಲವೆಂದು ಮಾತು ಕೊಡುತ್ತಾಳೆ. ಅಲ್ಲಿ ಬರುವುದೂ ಡಿಸ್ಕ್ರಿಮೆನ್. ಜನರನ್ನು ನಡೆಸಿಕೊಳ್ಳುವ ರೀತಿಗೂ ಈ ಪದಕ್ಕೂ ಇರುವ ನಂಟು ಆಧುನಿಕರು ಕಟ್ಟಿದ್ದಲ್ಲ ಎಂಬುದಕ್ಕೆ ಈ ಒಂದು ಪ್ರಯೋಗ ಸಾಕು.

ಇಂಗ್ಲಿಷಿಗೆ ಈ ಕ್ರಿಯಾಪದ ಬಂದದ್ದು 17ನೆಯ ಶತಮಾನದ ಆರಂಭದಲ್ಲಿ. ಸ್ಯಾಮ್ಯುಯೆಲ್ ಜಾನ್ಸನ್‌ನ 1755ರ ನಿಘಂಟಿನಲ್ಲಿ ಅದಕ್ಕೆ ಸಿಗುವುದು ಗುರುತುಗಳಿಂದ ಬೇರೆ ಮಾಡು, ಆರಿಸಿ ತೆಗೆ ಎಂಬಂಥ ಅರ್ಥಗಳು ಮಾತ್ರ. ಕೆಡುಕಿನ ಛಾಯೆ ಅಲ್ಲಿ ಇಲ್ಲ. ಗಿಡದ ಜಾತಿಗಳನ್ನು, ಹಕ್ಕಿಯ ಬಣ್ಣಗಳನ್ನು, ಅಸಲಿ ಮತ್ತು ನಕಲಿ ನಾಣ್ಯಗಳನ್ನು ಬೇರೆಬೇರೆಯಾಗಿ ಅರಿಯಬಲ್ಲವನ ಗುಣ ಅದು, ಹೊಗಳಿಕೆಯ ಮಾತು.

ವ್ಯಾಕರಣ ಮತ್ತು ನೆರೆಯ ಪದಗಳು

ಅರ್ಥ ಯಾವ ಕಡೆ ವಾಲುತ್ತದೆ ಎಂಬುದನ್ನು ಇಂಗ್ಲಿಷಿನಲ್ಲಿ ಕ್ರಿಯಾಪದದ ನಂತರ ಬರುವ ಚಿಕ್ಕ ಪದ ಹೇಳಿಬಿಡುತ್ತದೆ. ಬಿಟ್ವೀನ್ ಅಥವಾ ಫ್ರಮ್ ಬಂದರೆ ಗುರುತಿಸುವ ಅರ್ಥ. ಅಗೇನ್‌ಸ್ಟ್ ಬಂದರೆ ಯಾರಿಗೋ ಕೇಡು. ಇನ್ ಫೇವರ್ ಆಫ್ ಎಂದರೆ ಯಾರಿಗೋ ಪಕ್ಷಪಾತ. ವಿಶೇಷಣಗಳಲ್ಲಿಯೂ ಇದೇ ಹಂಚಿಕೆ: ಡಿಸ್ಕ್ರಿಮಿನೇಟಿಂಗ್ ಎಂದರೆ ಸೂಕ್ಷ್ಮ ಅಭಿರುಚಿಯವನು, ಡಿಸ್ಕ್ರಿಮಿನೇಟರಿ ಎಂದರೆ ಅನ್ಯಾಯದ ನಿಯಮ. ಇದರ ನಿಷೇಧರೂಪವಾದ ಇನ್‌ಡಿಸ್ಕ್ರಿಮಿನೇಟ್ ಕೂಡ ಬೈಗುಳವೇ ಎಂಬುದನ್ನು ಗಮನಿಸಬೇಕು. ಯುದ್ಧದ ಕಾನೂನಿನಲ್ಲಿ ಇದರ ತೂಕ ಜೀವದಷ್ಟು. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಶಿಷ್ಟಾಚಾರದ 51ನೆಯ ವಿಧಿ, ಸೈನಿಕ ಗುರಿಗೂ ನಾಗರಿಕರಿಗೂ ವ್ಯತ್ಯಾಸ ಮಾಡದೆ ನಡೆಸುವ ದಾಳಿಗಳನ್ನು ಈ ವಿಶೇಷಣದಿಂದಲೇ ಕರೆದು ನಿಷೇಧಿಸುತ್ತದೆ. ಧರ್ಮಯುದ್ಧದ ತತ್ತ್ವವನ್ನು ಚರ್ಚಿಸುವ ಪಾಶ್ಚಾತ್ಯ ಚಿಂತಕರು ಯೋಧ ಮತ್ತು ನಿರಾಯುಧರ ನಡುವಿನ ಗೆರೆಯನ್ನು ಕಾಯುವ ನಿಯಮಕ್ಕೆ ಡಿಸ್ಕ್ರಿಮಿನೇಶನ್ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ಭೇದ ಕಾಣದಿರುವುದೇ ಅಪರಾಧ.

ಹತ್ತಿರದ ಕ್ರಿಯಾಪದಗಳಲ್ಲಿ ಡಿಸ್ಟಿಂಗ್ವಿಶ್ ಎಲ್ಲಕ್ಕಿಂತ ವ್ಯಾಪಕ. ವಕೀಲರು ಹಳೆಯ ತೀರ್ಪೊಂದು ತಮ್ಮ ಮೊಕದ್ದಮೆಗೆ ಅನ್ವಯಿಸುವುದಿಲ್ಲವೆಂದು ತೋರಿಸುವುದನ್ನೂ ಹೀಗೆಯೇ ಕರೆಯುತ್ತಾರೆ. ಡಿಸರ್ನ್‌ನಲ್ಲಿ ಮಸುಕಿನಲ್ಲಿದ್ದುದನ್ನು ಕಷ್ಟಪಟ್ಟು ಕಾಣುವ ಧ್ವನಿಯಿದೆ; ಡಿಫರೆನ್ಷಿಯೇಟ್ ವ್ಯತ್ಯಾಸವನ್ನು ಉಂಟುಮಾಡುವುದಕ್ಕೂ ಸಲ್ಲುತ್ತದೆ. ಆದರೆ ಈ ಮೂರರಲ್ಲಿ ಯಾವುದಕ್ಕೂ ಡಿಸ್ಕ್ರಿಮಿನೇಟ್‌ಗೆ ಬಂದ ಗತಿ ಬರಲಿಲ್ಲ.

ಕೆಡುಕಿನ ಅರ್ಥ ಬಂದ ಬಗೆ

ಈ ಅರ್ಥ ಬೆಳೆದದ್ದು ಅಮೆರಿಕದಲ್ಲಿ, ಅದೂ ಮೊದಲು ಹಣಕಾಸಿನ ವಿಷಯದಲ್ಲಿ. ಹೊಸ ಗಣರಾಜ್ಯ 1789ರಲ್ಲಿ ಬಂದರುಗಳಿಗೆ ಬರುವ ಹಡಗುಗಳ ಮೇಲೆ ಟನ್ ಲೆಕ್ಕದ ಸುಂಕ ಹಾಕಿತು: ಸ್ವದೇಶಿ ಹಡಗಿಗೆ ಟನ್ನಿಗೆ 6 ಸೆಂಟು, ಅಮೆರಿಕದಲ್ಲಿ ಕಟ್ಟಿದರೂ ವಿದೇಶಿಯರ ಒಡೆತನದಲ್ಲಿರುವುದಕ್ಕೆ 30, ಪೂರಾ ವಿದೇಶಿ ಹಡಗಿಗೆ 50. ಇಂಥ ಸುಂಕಗಳಿಗೆ ಡಿಸ್ಕ್ರಿಮಿನೇಟಿಂಗ್ ಎಂಬ ವಿಶೇಷಣ ಅಂಟಿಕೊಂಡಿತು.

ಮರುವರ್ಷದ ಚರ್ಚೆ ಇನ್ನೂ ತೀಕ್ಷ್ಣ. ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದ ಸಿಪಾಯಿಗಳಿಗೆ ಸರ್ಕಾರ ಸಂಬಳದ ಬದಲು ಸಾಲಪತ್ರ ಕೊಟ್ಟಿತ್ತು. ಹೊಟ್ಟೆಪಾಡಿಗಾಗಿ ಅವರಲ್ಲಿ ಬಹಳ ಜನ ಅವನ್ನು ಮುಖಬೆಲೆಯ ಸಣ್ಣದೊಂದು ಪಾಲಿಗೆ ಸಟ್ಟಾ ವ್ಯಾಪಾರಿಗಳಿಗೆ ಮಾರಿಬಿಟ್ಟಿದ್ದರು. ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಪತ್ರ ಯಾರ ಕೈಯಲ್ಲಿದೆಯೋ ಅವರಿಗೇ ಪೂರ್ತಿ ಹಣ ಸಲ್ಲಬೇಕೆಂದ. ಜೇಮ್ಸ್ ಮ್ಯಾಡಿಸನ್ ಅದನ್ನು ವಿರೋಧಿಸಿ, ಈಗಿನ ಒಡೆಯರಿಗೆ ಮಾರುಕಟ್ಟೆಯ ಗರಿಷ್ಠ ಬೆಲೆ ಕೊಟ್ಟು ಉಳಿದದ್ದನ್ನು ಮೂಲ ಒಡೆಯರಿಗೆ ಹಂಚಬೇಕೆಂದು ಸೂಚಿಸಿದ. ಅವನ ಸೂಚನೆಗೆ ಬಿದ್ದ ಹೆಸರು ಡಿಸ್ಕ್ರಿಮಿನೇಶನ್. 1790ರ ಫೆಬ್ರವರಿಯಲ್ಲಿ ಪ್ರತಿನಿಧಿ ಸಭೆಯಲ್ಲಿ ಅದು 36ಕ್ಕೆ 13 ಮತಗಳಿಂದ ಬಿದ್ದುಹೋಯಿತು. ವಂಚಿತರಾದ ಸಿಪಾಯಿಗಳ ಪರವಾಗಿ ಭೇದ ಮಾಡಬೇಕೆಂದು ಒಬ್ಬ, ಭೇದ ಮಾಡಿದರೆ ಕರಾರು ಮುರಿದಂತೆಂದು ಇನ್ನೊಬ್ಬ: ಇಂದು ಮೀಸಲಾತಿಯ ಸುತ್ತ ನಡೆಯುವ ವಾಗ್ವಾದದ ಅಚ್ಚು ಅಲ್ಲಿಯೇ ಇದೆ. ನನ್ನ ಮಟ್ಟಿಗೆ ಈ ಪದದ ಚರಿತ್ರೆಯಲ್ಲಿ ಇದಕ್ಕಿಂತ ಮುಖ್ಯವಾದ ಘಟನೆ ಇನ್ನೊಂದಿಲ್ಲ. ನಿಘಂಟುಗಳ ಪದಚರಿತ್ರೆ ನೇರವಾಗಿ 1866ಕ್ಕೆ ಹಾರಿ ಇದನ್ನು ಬಿಟ್ಟುಬಿಡುವುದು ದೊಡ್ಡ ಲೋಪ.

1866 ಎಂದರೆ ಗುಲಾಮಗಿರಿ ರದ್ದಾದ ಮರುವರ್ಷ. ಬಿಡುಗಡೆ ಹೊಂದಿದ ಕರಿಯರಿಗೆ ನಾಗರಿಕ ಹಕ್ಕು ಕೊಡುವ ಕಾಯಿದೆ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ನನ ನಿರಾಕರಣೆಯನ್ನು ಮೀರಿ ಜಾರಿಗೆ ಬಂದ ವರ್ಷ ಅದು. ವರ್ಣದ ಕಾರಣಕ್ಕೆ ಕೇಡು ಬಗೆಯುವುದು ಎಂಬ ಅರ್ಥ ಈ ಪದಕ್ಕೆ ಖಚಿತವಾದದ್ದು ಆ ಹೊತ್ತಿನ ಬರಹಗಳಲ್ಲಿ. ಹಾಗೆಂದು ಪದ ತಾನೇ ಪಾಪವನ್ನು ಸೂಚಿಸುವಷ್ಟು ಇನ್ನೂ ಕೆಟ್ಟಿರಲಿಲ್ಲ. ಸಣ್ಣ ರೈತರಿಂದ ಹೆಚ್ಚು ಬಾಡಿಗೆ ಕಿತ್ತು ದೊಡ್ಡ ವರ್ತಕರಿಗೆ ರಿಯಾಯಿತಿ ಕೊಡುತ್ತಿದ್ದ ರೈಲ್ವೆ ಕಂಪನಿಗಳನ್ನು ಹದ್ದಿನಲ್ಲಿಡಲು 1887ರಲ್ಲಿ ಬಂದ ಅಂತರರಾಜ್ಯ ವಾಣಿಜ್ಯ ಕಾಯಿದೆ, ಡಿಸ್ಕ್ರಿಮಿನೇಶನ್ ಪದದ ಹಿಂದೆ ಅನ್ಯಾಯದ ಎಂಬ ವಿಶೇಷಣವನ್ನೂ ಸೇರಿಸಬೇಕಾಯಿತು. ನ್ಯಾಯವಾದ ಭೇದವೂ ಉಂಟೆಂದು ಕಾನೂನು ಬರೆದವರು ಇನ್ನೂ ನಂಬಿದ್ದರು. 20ನೆಯ ಶತಮಾನದ ನಡುವಿನ ಹೊತ್ತಿಗೆ ಆ ವಿಶೇಷಣದ ಅಗತ್ಯ ತಪ್ಪಿತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯಲ್ಲಿ, ಜನಾಂಗಭೇದದ ವಿರುದ್ಧದ 1965ರ ಒಡಂಬಡಿಕೆಯಲ್ಲಿ, ಮಹಿಳೆಯರ ಕುರಿತ 1979ರ ಒಡಂಬಡಿಕೆಯಲ್ಲಿ ಪದವೊಂದೇ ನಿಂತು ಕೆಲಸ ಮಾಡುತ್ತದೆ.

1971ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಗ್ರಿಗ್ಸ್ ಮೊಕದ್ದಮೆಯಲ್ಲಿ ಅರ್ಥವನ್ನು ಇನ್ನೊಂದು ಹೆಜ್ಜೆ ಹಿಗ್ಗಿಸಿತು. ಕೆಲಸಕ್ಕೆ ಸಂಬಂಧವಿಲ್ಲದ ಪರೀಕ್ಷೆ ಅಥವಾ ಪ್ರೌಢಶಾಲೆಯ ಪ್ರಮಾಣಪತ್ರ ಕೇಳುವುದರಿಂದ ಕರಿಯರೇ ಹೆಚ್ಚಾಗಿ ಹೊರಗುಳಿಯುವುದಾದರೆ, ಕೆಡುಕಿನ ಉದ್ದೇಶ ಇಲ್ಲದಿದ್ದರೂ ಅದು ಕಾನೂನುಬಾಹಿರವೆಂದು ತೀರ್ಮಾನವಾಯಿತು. ಮಾಡುವವನ ಮನಸ್ಸಿನಿಂದ ಅನುಭವಿಸುವವನ ಪಾಡಿನ ಕಡೆಗೆ ಪದ ಮುಖ ತಿರುಗಿಸಿದ್ದು ಆಗ.

ಭಾರತದ ಸಂವಿಧಾನದಲ್ಲಿ

ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ, ಕೇವಲ ಇವುಗಳ ಕಾರಣಕ್ಕೆ ರಾಜ್ಯ ಯಾವ ಪ್ರಜೆಗೂ ಕೇಡಾಗುವಂತೆ ಭೇದ ಮಾಡಕೂಡದೆಂದು ಸಂವಿಧಾನದ 15ನೆಯ ಅನುಚ್ಛೇದ ಹೇಳುತ್ತದೆ. ಇಂಗ್ಲಿಷ್ ಪಾಠದಲ್ಲಿರುವುದು ಡಿಸ್ಕ್ರಿಮಿನೇಟ್ ಅಗೇನ್‌ಸ್ಟ್. ಸಮಾನತೆಯನ್ನು ಸಾರುವ 14ನೆಯ ಅನುಚ್ಛೇದದಲ್ಲಿ ಈ ಪದವೇ ಇಲ್ಲ. ಈ ವ್ಯತ್ಯಾಸಕ್ಕೆ ಅರ್ಥವಿದೆಯೇ? 1952ರಲ್ಲಿ ಕಾಥಿ ರಾನಿಂಗ್ ರಾವತ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಎದುರಾದ ಪ್ರಶ್ನೆಗಳಲ್ಲಿ ಇದೂ ಒಂದು. ಸೌರಾಷ್ಟ್ರ ಸರ್ಕಾರ ಕೆಲವು ಪ್ರದೇಶಗಳಲ್ಲಿ ಕೆಲವು ಅಪರಾಧಗಳ ವಿಚಾರಣೆಗೆ ವಿಶೇಷ ನ್ಯಾಯಾಲಯ ಸ್ಥಾಪಿಸಿತ್ತು. ಮುಖ್ಯ ನ್ಯಾಯಮೂರ್ತಿ ಪತಂಜಲಿ ಶಾಸ್ತ್ರಿ ಆಕ್ಸ್‌ಫರ್ಡ್ ನಿಘಂಟನ್ನು ತೆರೆದು, ಅಗೇನ್‌ಸ್ಟ್ ಸೇರಿದ ಈ ನುಡಿಗಟ್ಟಿನಲ್ಲಿ ಪ್ರತಿಕೂಲವಾದ ಪಕ್ಷಪಾತದ ಅಂಶ ಅಡಗಿದೆ ಎಂದರು. ಕಾನೂನು ಮಾಡುವ ಪ್ರತಿಯೊಂದು ವರ್ಗೀಕರಣವೂ ಅಂಥ ಭೇದವಲ್ಲ ಎಂದೂ ಹೇಳಿದರು. ಸೌರಾಷ್ಟ್ರದ ವ್ಯವಸ್ಥೆ ಬಹುಮತದಿಂದ ಉಳಿಯಿತು. ಅದಕ್ಕೆ ತುಸು ಮೊದಲು, ಅದೇ ವರ್ಷ, ಅನ್ವರ್ ಅಲಿ ಸರ್ಕಾರ್ ಮೊಕದ್ದಮೆಯಲ್ಲಿ ಪಶ್ಚಿಮ ಬಂಗಾಳದ ವಿಶೇಷ ನ್ಯಾಯಾಲಯ ಕಾಯಿದೆ ಬಿದ್ದುಹೋಗಿತ್ತು. ಯಾವ ಮೊಕದ್ದಮೆಯನ್ನು ಅಲ್ಲಿಗೆ ಕಳಿಸಬೇಕೆಂಬುದನ್ನು ಅದು ಸರ್ಕಾರದ ಇಷ್ಟಕ್ಕೆ ಬಿಟ್ಟಿತ್ತು. ಈ ತೀರ್ಪುಗಳಲ್ಲಿ ನೆಲೆಗೊಂಡ ಒರೆಗಲ್ಲು ಇಂದಿಗೂ ಬಳಕೆಯಲ್ಲಿದೆ: ವರ್ಗೀಕರಣದ ಹಿಂದೆ ಬುದ್ಧಿಗೆ ನಿಲುಕುವ ವ್ಯತ್ಯಾಸವಿರಬೇಕು, ಆ ವ್ಯತ್ಯಾಸಕ್ಕೂ ಕಾನೂನಿನ ಗುರಿಗೂ ಸಂಬಂಧವಿರಬೇಕು.

ಮೈಸೂರು ರಾಜ್ಯದಿಂದ ಹೋದ ಬಾಲಾಜಿ ಮೊಕದ್ದಮೆ ಮೀಸಲಾತಿಯ ಮಿತಿಯನ್ನು ಮುಂದೆ ತಂದಿತು. ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಒಟ್ಟು ಶೇ. 68 ಸ್ಥಾನಗಳನ್ನು ಕಾದಿರಿಸಿದ ಆದೇಶವನ್ನು ನ್ಯಾಯಾಲಯ 1962ರಲ್ಲಿ ತಳ್ಳಿಹಾಕಿ, ಸಾಮಾನ್ಯವಾಗಿ ಪ್ರಮಾಣ ಶೇ. 50ರ ಒಳಗಿರಬೇಕೆಂದಿತು. ಕೇಡು ಮಾಡುವ ಭೇದ, ಕೇಡನ್ನು ಸರಿಪಡಿಸುವ ಭೇದ ಎಂಬ ವಿಂಗಡಣೆ ಆಗಿನಿಂದ ಈ ನಾಡಿನ ರಾಜಕೀಯದ ಮಾತಾಗಿ ಉಳಿದಿದೆ.

ಈ ಪದ ಒಬ್ಬ ವ್ಯಕ್ತಿಯ ಬದುಕಿನಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಕೊಡಗಿನ ಸಿ. ಬಿ. ಮುತ್ತಮ್ಮ ಅವರ ಮೊಕದ್ದಮೆ ಸಾಕ್ಷಿ. ಭಾರತೀಯ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆ ಅವರು, ಸೇರಿದ್ದು 1949ರಲ್ಲಿ. ಸೇವೆಯ 1961ರ ನಿಯಮಗಳ ಪ್ರಕಾರ ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದಿಂದ ಲಿಖಿತ ಅನುಮತಿ ಪಡೆಯಬೇಕಿತ್ತು. ಮದುವೆಯ ನಂತರ ಸಂಸಾರದ ಜವಾಬ್ದಾರಿ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ಅನ್ನಿಸಿದರೆ ಅವಳಿಂದ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಈ ಕಟ್ಟಳೆ ಇರಲಿಲ್ಲ. ಬಡ್ತಿ ತಪ್ಪಿದಾಗ ಮುತ್ತಮ್ಮ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು. ಅರ್ಜಿ ಅಲ್ಲಿಗೆ ಮುಗಿದರೂ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ 1979ರ ತೀರ್ಪಿನಲ್ಲಿ ಆ ನಿಯಮಗಳ ಭೇದವನ್ನು ಕಟುವಾಗಿ ಖಂಡಿಸಿ, ಸೇವಾ ನಿಯಮಗಳನ್ನೆಲ್ಲ ಪುನರ್ವಿಮರ್ಶಿಸಬೇಕೆಂದರು. ಪರೀಕ್ಷೆಯಲ್ಲಿ ಗಂಡಸರ ಸಾಲಿನಲ್ಲೇ ಕೂತು ಗೆದ್ದು ಬಂದವರನ್ನು ಮದುವೆಯೆಂಬ, ಕೆಲಸಕ್ಕೆ ಸಂಬಂಧವಿಲ್ಲದ ಗೆರೆಯಿಂದ ಬೇರೆ ಮಾಡಿದ್ದು ಇಲ್ಲಿನ ಅನ್ಯಾಯ.

ವಿಜ್ಞಾನಗಳಲ್ಲಿ

ಪ್ರಯೋಗಶಾಲೆಯಲ್ಲಿ ಈ ಕ್ರಿಯಾಪದದ ಕರ್ತೃ ಕಣ್ಣು, ಕಿವಿ, ಚರ್ಮ. ಲೈಪ್‌ಜಿಗ್‌ನ ಅರ್ನ್ಸ್ಟ್ ವೆಬರ್ 1834ರಲ್ಲಿ ಪ್ರಕಟಿಸಿದ ಶೋಧದ ಪ್ರಕಾರ, ಕೈಯಲ್ಲಿ ಎತ್ತಿ ನೋಡಿದ ಎರಡು ತೂಕಗಳು ಬೇರೆಯೆಂದು ತಿಳಿಯಬೇಕಾದರೆ ಅಂತರ ಮೂಲ ತೂಕದ ಇಂತಿಷ್ಟು ಪಾಲು, ಸುಮಾರು 40ರಲ್ಲಿ 1, ಇರಬೇಕು. ತೂಕ ದೊಡ್ಡದಾದಂತೆ ಬೇಕಾಗುವ ಅಂತರವೂ ದೊಡ್ಡದಾಗುತ್ತದೆ. ಗುಸ್ಟಾವ್ ಫೆಕ್ನರ್ 1860ರಲ್ಲಿ ಇದರ ಮೇಲೆ ಮನೋಭೌತಶಾಸ್ತ್ರವನ್ನೇ ಕಟ್ಟಿದ.

ಪಾವ್ಲೋವ್‌ನ ಪ್ರಯೋಗಶಾಲೆಯಲ್ಲಿ ಶೆಂಗರ್-ಕ್ರೆಸ್ಟೋವ್ನಿಕೋವಾ ಎಂಬ ಸಂಶೋಧಕಿ ನಾಯಿಯೊಂದಕ್ಕೆ ವೃತ್ತವನ್ನು ತೋರಿಸಿದಾಗ ಆಹಾರ ಕೊಟ್ಟು, ಅಂಡಾಕಾರವನ್ನು ತೋರಿಸಿದಾಗ ಕೊಡದೆ, ಎರಡನ್ನೂ ಬೇರೆಯಾಗಿ ಅರಿಯಲು ಕಲಿಸಿದಳು. ಬಳಿಕ ಅಂಡಾಕಾರವನ್ನು ಸ್ವಲ್ಪಸ್ವಲ್ಪವೇ ದುಂಡಗೆ ಮಾಡುತ್ತ ಹೋದಳು. ಅದರ ಎರಡು ಅಕ್ಷಗಳ ಪ್ರಮಾಣ 9ಕ್ಕೆ 8 ಆದಾಗ ನಾಯಿಗೆ ದಿಕ್ಕು ತಪ್ಪಿತು. ಅದುವರೆಗೆ ಶಾಂತವಾಗಿ ನಿಲ್ಲುತ್ತಿದ್ದ ಪ್ರಾಣಿ ಕೀರಲಾರಂಭಿಸಿತು, ಒದ್ದಾಡಿತು, ಕಟ್ಟಿದ್ದ ಉಪಕರಣವನ್ನು ಕಚ್ಚಿ ಹರಿಯಿತು. ಮೊದಲು ಸಲೀಸಾಗಿ ಗುರುತಿಸುತ್ತಿದ್ದ ಆಕಾರಗಳನ್ನೂ ಗುರುತಿಸಲಾರದೆ ಹೋಯಿತು. ಭೇದ ಕಾಣುವುದು ಜೀವಿಗೆ ಎಷ್ಟು ಅಗತ್ಯವೆಂಬುದನ್ನು ಇಷ್ಟು ನೋವಿನಿಂದ ತೋರಿಸಿದ ಪ್ರಯೋಗ ಕಡಿಮೆ.

ಭಾಷೆಯ ವಿಷಯದಲ್ಲಿ 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಕೆನಡಾದಲ್ಲಿ ಮಾಡಿದ ಅಧ್ಯಯನ ನಮಗೆ ಹತ್ತಿರದ್ದು. ಹಿಂದಿಯ ದಂತ್ಯ ತಕಾರವನ್ನೂ ಮೂರ್ಧನ್ಯ ಟಕಾರವನ್ನೂ ಇಂಗ್ಲಿಷ್ ಮನೆಗಳ 6ರಿಂದ 8 ತಿಂಗಳ ಕೂಸುಗಳು ಬೇರೆಬೇರೆಯಾಗಿ ಕೇಳಿಸಿಕೊಂಡವು. 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಹೆಚ್ಚಿನ ಕೂಸುಗಳಲ್ಲಿ ಉಳಿದಿರಲಿಲ್ಲ. ಹಿಂದಿ ಮನೆಯ ಕೂಸುಗಳಲ್ಲಿ ಉಳಿದಿತ್ತು. ಕಾಟ ಮತ್ತು ಕಾತ ಎಂಬ ಎರಡು ಉಚ್ಚಾರಗಳು ಕನ್ನಡಿಗನ ಕಿವಿಗೆ ಹಗಲು ರಾತ್ರಿಯಷ್ಟು ಬೇರೆ. ಇಂಗ್ಲಿಷ್ ಮಾತ್ರ ಕೇಳಿ ಬೆಳೆದ ವಯಸ್ಕನಿಗೆ ಸಾಮಾನ್ಯವಾಗಿ ಒಂದೇ. ಮನುಷ್ಯ ಭೇದಗಳನ್ನು ಕಲಿಯುವಂತೆಯೇ ಮರೆಯಲೂ ಕಲಿಯುತ್ತಾನೆ.

ಗಣಿತದಲ್ಲಿ ಜೇಮ್ಸ್ ಸಿಲ್ವೆಸ್ಟರ್ 1851ರಲ್ಲಿ ಟಂಕಿಸಿದ ಡಿಸ್ಕ್ರಿಮಿನೆಂಟ್, ವರ್ಗ ಸಮೀಕರಣದ ಮೂಲಗಳು ಸಮವೋ, ಬೇರೆಬೇರೆಯೋ ಎಂದು ತಿಳಿಸುವ ಪರಿಮಾಣ. ನಮ್ಮ ಹತ್ತನೆಯ ತರಗತಿಯ ಮಕ್ಕಳು ಅದನ್ನು ಶೋಧಕವೆಂದು ಕಲಿಯುತ್ತಾರೆ. ರೇಡಿಯೊ ತಂತ್ರದಲ್ಲಿ ಫಾಸ್ಟರ್ ಮತ್ತು ಸೀಲಿ 1936ರಲ್ಲಿ ರೂಪಿಸಿದ ಮಂಡಲಕ್ಕೆ ಡಿಸ್ಕ್ರಿಮಿನೇಟರ್ ಎಂದು ಹೆಸರು. ಅರ್ಥಶಾಸ್ತ್ರದಲ್ಲಿ ಒಂದೇ ಸರಕನ್ನು ಬೇರೆಬೇರೆ ಗಿರಾಕಿಗಳಿಗೆ ಬೇರೆಬೇರೆ ದರಕ್ಕೆ ಮಾರುವುದನ್ನು ಎ. ಸಿ. ಪೀಗೂ 1920ರಲ್ಲಿ ಮೂರು ದರ್ಜೆಗಳಾಗಿ ವಿಂಗಡಿಸಿದ. ಅದಕ್ಕೂ ಮೊದಲು, 1849ರಲ್ಲಿ, ಫ್ರಾನ್ಸಿನ ಎಂಜಿನಿಯರ್ ಜೂಲ್ ಡ್ಯೂಪ್ವಿ ಮೂರನೆಯ ದರ್ಜೆಯ ರೈಲುಡಬ್ಬಿಗೆ ಸೂರು ಹಾಕದಿರುವುದರ ಗುಟ್ಟನ್ನು ಹೊರಗೆಡವಿದ್ದ: ಸೂರಿನ ಖರ್ಚು ಉಳಿಸುವುದು ಉದ್ದೇಶವಲ್ಲ, ಎರಡನೆಯ ದರ್ಜೆಗೆ ಹಣ ಕೊಡಬಲ್ಲವರು ಮೂರನೆಯದಕ್ಕೆ ಇಳಿಯದಂತೆ ತಡೆಯುವುದು.

ಸಂಖ್ಯಾಶಾಸ್ತ್ರದಲ್ಲಿ ಪದದ ಕಥೆಗೆ ಭಾರತದ ಪಾಲು ದೊಡ್ಡದು. 1920ರ ನಾಗಪುರದ ವಿಜ್ಞಾನ ಸಮ್ಮೇಳನದಲ್ಲಿ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಅನ್ನಾಂಡೇಲ್, ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ದೇಹದ ಅಳತೆಗಳನ್ನು ವಿಶ್ಲೇಷಿಸಲು ಪ್ರಶಾಂತಚಂದ್ರ ಮಹಲನೋಬಿಸ್ ಅವರನ್ನು ಕೇಳಿದ. ಎರಡು ಗುಂಪುಗಳು ಎಷ್ಟು ದೂರ ಎಂದು ಅಳೆಯುವ, ಇಂದು ಅವರ ಹೆಸರಿನಲ್ಲೇ ಇರುವ ಮಾನದಂಡ ಬೆಳೆದದ್ದು ಆ ಕೆಲಸದಿಂದ. 1936ರಲ್ಲಿ ಅದಕ್ಕೆ ಪೂರ್ಣರೂಪ ಬಂತು. ಅದೇ ವರ್ಷ ರೊನಾಲ್ಡ್ ಫಿಶರ್, ಎಡ್ಗರ್ ಆಂಡರ್ಸನ್ ಸಂಗ್ರಹಿಸಿದ ಮೂರು ಜಾತಿಯ ಐರಿಸ್ ಹೂಗಳನ್ನು, ಜಾತಿಗೆ 50ರಂತೆ 150 ಹೂಗಳನ್ನು, ನಾಲ್ಕೇ ಅಳತೆಗಳಿಂದ ವಿಂಗಡಿಸುವ ಲೆಕ್ಕ ತೋರಿಸಿದ. ಆ ನಿರಪಾಯದ ಹೂಗಳು ಅಚ್ಚಾದದ್ದು ಮನುಷ್ಯರ ತಳಿಯನ್ನು ಸುಧಾರಿಸಬೇಕೆಂಬ ವಾದವಾದ ಯೂಜೆನಿಕ್ಸ್‌ಗೆ ಮೀಸಲಾದ ಪತ್ರಿಕೆಯಲ್ಲಿ. ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್, ಸುಡಾನಿನ ಜೆಬೆಲ್ ಮೋಯಾದಲ್ಲಿ ಸಿಕ್ಕ ಪ್ರಾಚೀನ ಅಸ್ಥಿಗಳನ್ನು ಅಳೆಯುವ ಕೆಲಸಕ್ಕೆ ಕೇಂಬ್ರಿಜ್‌ಗೆ ಹೋದವರು, ಫಿಶರನ ವಿಧಾನವನ್ನು ಅನೇಕ ಗುಂಪುಗಳಿಗೆ ಅನ್ವಯವಾಗುವಂತೆ 1948ರಲ್ಲಿ ವಿಸ್ತರಿಸಿದರು. 1941ರಲ್ಲಿ ಸಂಯುಕ್ತ ಪ್ರಾಂತದ ಜಾತಿ ಬುಡಕಟ್ಟುಗಳ ದೇಹಮಾಪನದ ಸಮೀಕ್ಷೆಯೊಂದು ನಡೆದಿತ್ತು. ಮಹಲನೋಬಿಸ್, ಮಜುಮ್‌ದಾರ್, ರಾವ್ ಸೇರಿ ಬರೆದ ಅದರ ವಿಶ್ಲೇಷಣೆ 1949ರಲ್ಲಿ ಹೊರಬಂತು. ಜಾತಿಯ ಕಾರಣಕ್ಕೆ ಭೇದ ಕೂಡದೆಂಬ ವಾಕ್ಯ ದೆಹಲಿಯ ಸಂವಿಧಾನ ಸಭೆಯಲ್ಲಿ ರೂಪ ತಳೆಯುತ್ತಿದ್ದ ಕಾಲವೂ ಅದೇ.

ಕನ್ನಡದಲ್ಲಿ

ಕನ್ನಡದ ತಾರತಮ್ಯವೂ ಇಂಥದೇ ಜೋಡಿದಾರಿ ಹಿಡಿದ ಪದ. ತರ, ತಮ ಎಂಬ ಸಂಸ್ಕೃತ ಪ್ರತ್ಯಯಗಳಿಂದ ಹುಟ್ಟಿ ಮೇಲು ಕೀಳಿನ ಶ್ರೇಣಿಯನ್ನು ಹೇಳುತ್ತದೆ. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ಪಂಚಭೇದದ ಜೊತೆ ಜೀವರ ತಾರತಮ್ಯವೂ ಒಂದು ಸಿದ್ಧಾಂತ. ಒಬ್ಬನಿಗೆ ತಾರತಮ್ಯ ಜ್ಞಾನವಿಲ್ಲ ಎಂದರೆ ಬೈಗುಳ. ತಾರತಮ್ಯ ಮಾಡುತ್ತಾನೆ ಎಂದರೂ ಬೈಗುಳ. ಊಟದ ಸಾಲಿನಲ್ಲಿ ಜಾತಿ ನೋಡಿ ಬೇರೆ ಕೂರಿಸುವ ಪಂಕ್ತಿಭೇದಕ್ಕೆ ಮಾತ್ರ ಎರಡನೆಯ ಅರ್ಥವಿಲ್ಲ. ಇಂಗ್ಲಿಷಿನ ಹಳೆಯ ಅರ್ಥಕ್ಕೆ ನಮ್ಮಲ್ಲಿ ವಿವೇಕ, ವಿವೇಚನೆ ಸಲ್ಲುತ್ತವೆ. ಶಂಕರರದೆಂದು ಹೇಳಲಾಗುವ ವಿವೇಕಚೂಡಾಮಣಿಯನ್ನು ಸ್ವಾಮಿ ಪ್ರಭವಾನಂದ ಮತ್ತು ಕ್ರಿಸ್ಟೊಫರ್ ಇಶರ್‌ವುಡ್ 1947ರಲ್ಲಿ ಇಂಗ್ಲಿಷಿಗೆ ತಂದಾಗ ಹೆಸರಿನಲ್ಲಿ ವಿವೇಕಕ್ಕೆ ಇಟ್ಟ ಪದ ಡಿಸ್ಕ್ರಿಮಿನೇಶನ್.

ಎರಡು ಅರ್ಥಗಳು ಮತ್ತೆ ಕೂಡಿದ್ದು

ಗುಂಪಿನ ಸರಾಸರಿ ನೋಡಿ ವ್ಯಕ್ತಿಯ ಬಗ್ಗೆ ತೀರ್ಮಾನಿಸುವುದನ್ನು ಎಡ್ಮಂಡ್ ಫೆಲ್ಪ್ಸ್ 1972ರಲ್ಲೂ ಕೆನೆತ್ ಆರೋ 1973ರಲ್ಲೂ ವಿಶ್ಲೇಷಿಸಿದರು. ಮಾಲೀಕನಲ್ಲಿ ದ್ವೇಷವಿಲ್ಲದಿದ್ದರೂ ಅರ್ಜಿದಾರನಿಗೆ ಕೆಲಸ ತಪ್ಪುವುದು ಹೇಗೆಂದು ಈ ವಾದ ತೋರಿಸುತ್ತದೆ. ಇಂದು ಸಾಲದ ಅರ್ಜಿ, ಉದ್ಯೋಗದ ಅರ್ಜಿಗಳನ್ನು ಸೋಸುವ ಗಣಕಗಳು ಮಾಡುವುದು ಇದನ್ನೇ, ಇನ್ನೂ ದೊಡ್ಡ ಪ್ರಮಾಣದಲ್ಲಿ. 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಗಂಡು ಹೆಣ್ಣು ಎಂದು ಹೇಳುವ ಮೂರು ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದರು. ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ. 0.8 ಮೀರಲಿಲ್ಲ, ಕಡುಬಣ್ಣದ ಹೆಂಗಸರ ವಿಷಯದಲ್ಲಿ ಶೇ. 34.7ರವರೆಗೂ ಏರಿತು. ಯಂತ್ರ ಮೊದಲ ಅರ್ಥದಲ್ಲಿ ಸರಿಯಾಗಿ ಭೇದ ಕಾಣಲಾರದ್ದರಿಂದಲೇ ಎರಡನೆಯ ಅರ್ಥದ ಭೇದ ಹುಟ್ಟಿತು.

ಆ ಅಂಕಿಗಳು ಸಿಕ್ಕಿದ್ದು ಇಬ್ಬರೂ ಮುಖಗಳನ್ನು ಬಣ್ಣ ಮತ್ತು ಲಿಂಗಕ್ಕೆ ಅನುಸಾರವಾಗಿ ಮೊದಲೇ ವಿಂಗಡಿಸಿಟ್ಟಿದ್ದರಿಂದ. ಜಾತಿಯ ವಿಷಯದಲ್ಲೂ ಹೀಗೆಯೇ: ದಾಖಲೆಯಿಂದ ಅದರ ಅಂಕಣವನ್ನು ಅಳಿಸಿಹಾಕಿದರೆ ತಾರತಮ್ಯ ಅಳಿಯುವುದಿಲ್ಲ. ಮನೆತನದ ಹೆಸರು, ಊರು, ಓದಿದ ಶಾಲೆ ಅದನ್ನು ಹೊತ್ತುಕೊಂಡೇ ಇರುತ್ತವೆ. ಅಳಿಯುವುದು ಅದನ್ನು ತೋರಿಸಿಕೊಡುವ ಪುರಾವೆ ಮಾತ್ರ. ಭಾರತದ ಜನಗಣತಿ ಎಲ್ಲ ಜಾತಿಗಳನ್ನೂ ಎಣಿಸಿ ಅಂಕಿ ಪ್ರಕಟಿಸಿದ್ದು 1931ರಲ್ಲಿ ಕೊನೆ. 1951ರಿಂದ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಲೆಕ್ಕ ಮಾತ್ರ ನಡೆಯಿತು. ಎಣಿಸಿದರೆ ಜಾತಿ ಗಟ್ಟಿಯಾಗುತ್ತದೆ ಎಂಬುದು ಒಂದು ವಾದ, ಎಣಿಸದಿದ್ದರೆ ಅನ್ಯಾಯ ಕಾಣುವುದಿಲ್ಲ ಎಂಬುದು ಇನ್ನೊಂದು. 2025ರ ಏಪ್ರಿಲ್ 30ರಂದು ಕೇಂದ್ರ ಸಚಿವ ಸಂಪುಟ ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸಲು ತೀರ್ಮಾನಿಸಿತು.